ಕಲ್ಯಾಣದ ನಾಡಿನಲ್ಲಿ ಕಡಲ ಕವಡೆ

ಬೆಲೆಯಿಲ್ಲದ ವಸ್ತುವನ್ನು ಕುರಿತು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವುದು ರೂಢಿ. ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಹಳೆಯ ಪೆಟ್ಟಿಗೆಗಳನ್ನು ಕಂಡವರು ಈ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು. ಕೊಡ ಹೊರುವ ಸಿಂಬಿ, ಅದಕ್ಕೆ ಜೋತುಬಿದ್ದ ಕಸೂತಿ ಬಟ್ಟೆ, ಚೀಲ, ರವಿಕೆ ಎಲ್ಲದರಲ್ಲೂ ಕೆಂಪು ಉಣ್ಣೆಯ ಕುಚ್ಚು, ಅದರ ನಡುವೆ ಬಿಳಿಯ ಕವಡೆ.

ಕಡಲಿನಿಂದ ನೂರಾರು ಕಿಲೋಮೀಟರು ಒಳಗಿರುವ ಈ ಕರಿಮಣ್ಣಿನ ಸೀಮೆಗೆ ಕವಡೆ ಬಂದುದು ಹೇಗೆ? ಅದರ ಹಳೆಯ ತವರು ಮಾಲ್ಡೀವ್ಸ್ ದ್ವೀಪಗಳು. ಅಲ್ಲಿಯ ಜನ ಕವಡೆಯನ್ನು ಹೊಂಡದಲ್ಲಿ ಹಾಕಿ, ಒಳಗಿನ ಹುಳು ಕೊಳೆತು ಹೋದ ಮೇಲೆ ಚಿಪ್ಪನ್ನು ಹಣವಾಗಿ ಬಳಸುತ್ತಿದ್ದುದನ್ನು 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಬರೆದಿದ್ದಾನೆ. ಖಾಲಿ ಶಂಖವಾಗಿದ್ದರೆ ಏಡಿಯ ಒಂದು ಜಾತಿ ಅದರಲ್ಲಿ ಬಿಡಾರ ಹೂಡುತ್ತಿತ್ತು. ಕವಡೆಯ ಬಾಯಿ ಬರೀ ಸೀಳು. ಅದು ಮನುಷ್ಯನ ಪಾಲಾಯಿತು.

ಕಲ್ಯಾಣದಲ್ಲಿ ಚಾಲುಕ್ಯರು ಆಳುತ್ತಿದ್ದಾಗ, 1150ರಲ್ಲಿ, ಭಾಸ್ಕರಾಚಾರ್ಯ ರಚಿಸಿದ ‘ಲೀಲಾವತಿ’ಯ ಆರಂಭದಲ್ಲೇ ಕವಡೆಯ ಲೆಕ್ಕವಿದೆ. 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ. ಸಿಂಬಿಯೊಂದಕ್ಕೆ 80 ಕವಡೆ ಹೊಲಿದವಳು ಆ ಕಾಲದ ಒಂದು ಪಣವನ್ನು ತಲೆಯ ಮೇಲೆ ಹೊತ್ತಂತೆ!

ಲಂಬಾಣಿಗರು ಹೇರೆತ್ತುಗಳ ವ್ಯಾಪಾರಿಗಳಾಗಿದ್ದರು. ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 1632ರಲ್ಲಿ ಉತ್ತರ ಭಾರತದಲ್ಲಿ 14,000 ಎತ್ತುಗಳ ಒಂದು ತಾಂಡಾವನ್ನು ಕಂಡಿದ್ದ. 1803ರ ದಖ್ಖನಿನ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಧಾನ್ಯ ಹೊತ್ತವರೂ ಇವರೇ. ಮುಂದಾಳು ಎತ್ತಿನ ಮುಖಕ್ಕೂ ಕವಡೆಯ ಸಿಂಗಾರವಿರುತ್ತಿತ್ತು. ಆದರೆ 1871ರಲ್ಲಿ ಮುಂಬೈ–ಮದರಾಸು ರೈಲು ರಾಯಚೂರಿನಲ್ಲಿ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಎತ್ತಿನ ಹೇರಿಗೆ ಕೆಲಸ ತಪ್ಪಿತು. ತಾಂಡಾಗಳು ನೆಲೆ ನಿಂತವು. ಎತ್ತಿನ ಮುಖದ ಕವಡೆ ಮರೆಯಾದರೂ ಹೆಂಗಸರ ಉಡುಪಿನದು ಉಳಿಯಿತು.

ಕೆಲಸ ಸಣ್ಣದಲ್ಲ. ಕವಡೆಯ ಬೆನ್ನಿನ ಉಬ್ಬನ್ನು ತೇಯ್ದು ತೆಗೆದರೆ ಮಾತ್ರ ಅದು ಬಟ್ಟೆಯ ಮೇಲೆ ಮಟ್ಟಸವಾಗಿ ಕೂರುತ್ತದೆ; ತೆರೆದ ಬೆನ್ನಿನಿಂದ ಸೀಳುಬಾಯಿಗೆ ದಾರ ಹಾಯುತ್ತದೆ. ಬಟ್ಟೆ ಜೀರ್ಣವಾದರೂ ಕವಡೆ ಸವೆಯದು. ಅದನ್ನು ಬಿಚ್ಚಿ ಹೊಸ ಬಟ್ಟೆಗೆ ಹೊಲಿಯಬಹುದು. ಅಜ್ಜಿಯ ಕವಡೆ ಮೊಮ್ಮಗಳ ಮದುವೆಯ ಸಿಂಬಿಗೆ ಏರಬಹುದು.

ಈ ಸರಪಳಿ ಈಗ ಬೇರೆಡೆ ತುಂಡಾಗುತ್ತಿದೆ. ಹೊಸ ತಲೆಮಾರಿನ ಹೆಣ್ಣುಮಕ್ಕಳಿಗೆ ಭಾರದ ಉಡುಪು ಬೇಡ. ಅದು ತಪ್ಪೂ ಅಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ಅಲ್ಲಿ ಹೊಸ ಕೆಲಸವೂ ನಡೆದಿದೆ. ಆದರೆ ಮಾರಾಟವಾದ ಹಳೆಯ ಉಡುಪುಗಳು ಕತ್ತರಿಗೆ ಸಿಕ್ಕಿ, ದೊಡ್ಡ ನಗರಗಳ ಕರಕುಶಲ ಅಂಗಡಿಗಳಲ್ಲಿ ಕೈಚೀಲವಾಗಿ, ದಿಂಬಿನ ಹೊದಿಕೆಯಾಗಿ ತೂಗಾಡುತ್ತವೆ. ಅವುಗಳ ಚೀಟಿಯ ಮೇಲೆ ಬೆಲೆ ಇರುತ್ತದೆ; ಹೊಲಿದವಳ ಹೆಸರಾಗಲಿ ತಾಂಡಾದ ಹೆಸರಾಗಲಿ ಇರುವುದು ಅಪರೂಪ.