ಲಿಫ್ಟಿನ ಮೋಟಾರಿಗೆ ಕಡಿವಾಣ

ಖಾಲಿ ಲಿಫ್ಟನ್ನು ಮೇಲಕ್ಕೆ ಕಳಿಸಲು ಮೋಟಾರು ಎಷ್ಟು ಕೆಲಸ ಮಾಡಬೇಕು? ತರಗತಿಯಲ್ಲಿ ಹೀಗೆ ಕೇಳಿದರೆ ಬಹುತೇಕ ವಿದ್ಯಾರ್ಥಿಗಳು ಲಿಫ್ಟಿನ ತೂಕವನ್ನು ಎತ್ತರದಿಂದ ಗುಣಿಸತೊಡಗುತ್ತಾರೆ. ಹಗ್ಗದ ಇನ್ನೊಂದು ತುದಿಯಲ್ಲಿ ಪ್ರತಿಭಾರ ತೂಗುತ್ತಿರುವುದು ಅವರಿಗೆ ಮರೆತಿರುತ್ತದೆ. ಲಿಫ್ಟಿನ ಕೋಣೆ 800 ಕಿಗ್ರಾಂ, ಅದು ಹೊರಬಲ್ಲ ಜನರ ತೂಕ 600 ಕಿಗ್ರಾಂ ಎನ್ನಿ. ಪ್ರತಿಭಾರ 1100 ಕಿಗ್ರಾಂ ಇದ್ದರೆ, ಲಿಫ್ಟು ತುಂಬಿರಲಿ ಖಾಲಿಯಿರಲಿ, ಎರಡು ಕಡೆಯ ವ್ಯತ್ಯಾಸ 300 ಕಿಗ್ರಾಂ ಮಾತ್ರ. ಸೆಕೆಂಡಿಗೆ 1 ಮೀಟರ್ ವೇಗಕ್ಕೆ, ಘರ್ಷಣೆಯನ್ನು ಬಿಟ್ಟರೆ, ಸುಮಾರು 3 ಕಿಲೋವಾಟ್ ಸಾಕು. ಪ್ರತಿಭಾರ ಇಲ್ಲದಿದ್ದರೆ ತುಂಬಿದ ಲಿಫ್ಟಿಗೆ ಸುಮಾರು 14 ಕಿಲೋವಾಟ್ ಬೇಕಾಗುತ್ತಿತ್ತು. ಖಾಲಿ ಲಿಫ್ಟು ಮೇಲೇರುವಾಗಲಂತೂ ಪ್ರತಿಭಾರವೇ ಅದನ್ನು ಎಳೆಯುತ್ತದೆ. ಮೋಟಾರಿನ ಕೆಲಸ ತಡೆಹಿಡಿಯುವುದು!

ಹೀಗೆ ಮೋಟಾರಿನ ಆಯ್ಕೆ ಲೆಕ್ಕದ ಮಾತು. ಇಂಜಿನಿಯರುಗಳನ್ನು ಕಾಡಿದ್ದು ಅದರ ನಿಯಂತ್ರಣ.

ಜರ್ಮನಿಯ ವರ್ನರ್ ಫಾನ್ ಸೀಮೆನ್ಸ್ 1880ರಲ್ಲಿ ಮಾನ್‌ಹೈಮ್ ನಗರದ ಪ್ರದರ್ಶನದಲ್ಲಿ ವಿದ್ಯುತ್ ಲಿಫ್ಟನ್ನು ತೋರಿಸಿದ. ಮೋಟಾರು ಲಿಫ್ಟಿನೊಡನೆಯೇ ಹಲ್ಲುಪಟ್ಟಿಯನ್ನು ಹತ್ತುತ್ತಿತ್ತು. ಅಂದಿನ ಏಕಮುಖ ವಿದ್ಯುತ್ತಿನ ಮೋಟಾರುಗಳ ವೇಗ ಕುಗ್ಗಿಸಲು ಆರ್ಮೆಚರಿನೊಡನೆ ಶ್ರೇಣಿಯಲ್ಲಿ ರೋಧವನ್ನು ಸೇರಿಸುವುದು ವಾಡಿಕೆ. ಇದರಿಂದ ವಿದ್ಯುತ್ತು ಶಾಖವಾಗಿ ಪೋಲಾಗುವುದು ಒಂದು ತೊಂದರೆಯಷ್ಟೆ. ಭಾರ ಹೆಚ್ಚಿದರೆ ಪ್ರವಾಹ ಹೆಚ್ಚುತ್ತದೆ, ರೋಧದಲ್ಲಿ ನಷ್ಟವಾಗುವ ವೋಲ್ಟೇಜೂ ಹೆಚ್ಚುತ್ತದೆ, ಮೋಟಾರು ನಿಧಾನಿಸುತ್ತದೆ. ಅಂದರೆ ಹಿಡಿಕೆ ಒಂದೇ ಜಾಗದಲ್ಲಿದ್ದರೂ ಇಬ್ಬರಿದ್ದಾಗ ಒಂದು ವೇಗ, ಎಂಟು ಜನರಿದ್ದಾಗ ಇನ್ನೊಂದು. ಲಿಫ್ಟು ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲದಿದ್ದರೆ ಹೊರಗೆ ಕಾಲಿಡುವವರು ಎಡವಿ ಬೀಳಬೇಕು. (ಆಟಿಕೆಯ ಮೋಟಾರು, ದಾರ, ರಿಯೋಸ್ಟಾಟ್ ಇದ್ದರೆ ಇದನ್ನು ನೀವು ತರಗತಿಯಲ್ಲೇ ತೋರಿಸಬಹುದು.)

ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ 1891ರಲ್ಲಿ ಪೇಟೆಂಟ್ ಮಾಡಿದ ಉಪಾಯ ಮೊದಲ ನೋಟಕ್ಕೆ ದುಂದಿನದು. ಸ್ಥಿರವೇಗದಲ್ಲಿ ತಿರುಗುವ ಮೋಟಾರೊಂದು ಜನರೇಟರನ್ನು ತಿರುಗಿಸುತ್ತದೆ. ಅದರ ವಿದ್ಯುತ್ತು ನೇರವಾಗಿ ಲಿಫ್ಟಿನ ಮೋಟಾರಿಗೆ. ಒಂದರ ಬದಲು ಮೂರು ಯಂತ್ರ! ಆದರೆ ಜಾಣ್ಮೆ ಇರುವುದು ಜನರೇಟರಿನ ಕ್ಷೇತ್ರ ಸುರುಳಿಯಲ್ಲಿ. ಅಲ್ಲಿ ಹರಿಯುವ ಪುಟ್ಟ ಪ್ರವಾಹವನ್ನು ಬದಲಿಸಿದರೆ ವೋಲ್ಟೇಜು ಸೊನ್ನೆಯಿಂದ ಪೂರ್ಣದವರೆಗೆ ನಯವಾಗಿ ಏರುತ್ತದೆ. ಪ್ರವಾಹದ ದಿಕ್ಕು ತಿರುಗಿಸಿದರೆ ಲಿಫ್ಟಿನ ದಿಕ್ಕೂ ತಿರುಗುತ್ತದೆ. ನಡುವೆ ದೊಡ್ಡ ರೋಧವಿಲ್ಲದ್ದರಿಂದ ಭಾರ ಬದಲಾದರೂ ವೇಗ ಹೆಚ್ಚು ಕದಲದು. ತುಂಬಿದ ಲಿಫ್ಟು ಇಳಿಯುವಾಗ ಅದರ ಮೋಟಾರೇ ಜನರೇಟರಾಗಿ ಶಕ್ತಿಯನ್ನು ಹಿಂದಿರುಗಿಸುತ್ತದೆ.

ಇಪ್ಪತ್ತನೆಯ ಶತಮಾನದ ಬಹುಭಾಗ ಎತ್ತರದ ಕಟ್ಟಡಗಳ ವೇಗದ ಲಿಫ್ಟುಗಳು ಈ ವಿಧಾನವನ್ನೇ ನಂಬಿದ್ದವು. ಮುಂದೆ ಥೈರಿಸ್ಟರುಗಳು ಬಂದವು. 1980ರ ದಶಕದಿಂದ ಪರ್ಯಾಯ ವಿದ್ಯುತ್ತಿನ ಆವರ್ತಾಂಕ ಮತ್ತು ವೋಲ್ಟೇಜನ್ನು ಒಟ್ಟಿಗೆ ಬದಲಿಸುವ ಇನ್ವರ್ಟರುಗಳು ಆ ಜಾಗ ಹಿಡಿದವು. ಹಳೆಯ ಕಟ್ಟಡಗಳಲ್ಲಿ ಗುಂಡಿ ಒತ್ತಿದೊಡನೆ, ಲಿಫ್ಟು ಕದಲುವ ಮೊದಲೇ, ಯಂತ್ರದ ಕೋಣೆಯಿಂದ ಗುಂಯ್‌ಗುಡುವ ಸದ್ದು ಕೇಳಿದ ನೆನಪಿದೆಯೆ? ಅದು ವಾರ್ಡ್ ಲಿಯೊನಾರ್ಡನ ಜನರೇಟರು ವೇಗ ಪಡೆದುಕೊಳ್ಳುತ್ತಿದ್ದ ಸದ್ದಿರಬಹುದು.