ಒಪ್ಪದೇ ಇದ್ದ ಒಬ್ಬರು

(1/4)
ಫೋಟೋದಾಗ ಕಾಣೋದು ಔರಾದ್ ತಾಲೂಕಿನ ನಮ್ಮ ಮನಿ ಪಡಸಾಲಿ. ಗೋಡೆಗೆ ಒರಗಿಸಿಟ್ಟ ಚೀಲ ಎಲ್ಲಾ ತೊಗರಿ. 2017ರ ಜನವರಿ, ನಾನಾಗ ಎಂಟನೇ ಕ್ಲಾಸು. 2015ರ ದೀಪಾವಳಿ ಹೊತ್ತಿಗೆ ದೊಡ್ಡ ಊರುಗಳಲ್ಲಿ ತೊಗರಿಬೇಳೆ ಕಿಲೋಕ್ಕ 200 ರೂಪಾಯಿ ಮುಟ್ಟಿತ್ತು. ಅದನ್ನ ನೋಡಿ ಮುಂದಿನ ಹಂಗಾಮಿಗೆ ಎಲ್ಲಾರೂ ತೊಗರಿನೇ ಬಿತ್ತಿದ್ರು, ಮಳೆನೂ ಛಲೋ ಆಯ್ತು. ದೇಶದ ತೊಗರಿ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿಗೆ ಏರಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 5,050 ಇತ್ತು. ಪೇಟೆಯಲ್ಲಿ ಅಷ್ಟು ಕೊಡೋರು ಸಿಗಲಿಲ್ಲ. ಅಪ್ಪ ಖರೀದಿ ಕೇಂದ್ರದ ಮುಂದ ಮೂರು ರಾತ್ರಿ ಟ್ರ್ಯಾಲಿ ಮ್ಯಾಲೇ ಮಲಗಿದ.

ಹೊರದೇಶಕ್ಕ ಮಾರಬಹುದಿತ್ತಲ್ಲ ಅಂತೀರಾ? ಮಾರುವಂಗಿರಲಿಲ್ಲ. ಕಾಬೂಲಿ ಕಡಲೆಯಂಥ ಒಂದೆರಡು ಬಿಟ್ಟರೆ ಬೇಳೆಕಾಳು ರಫ್ತಿಗೆ 2006ರಿಂದ ನಿಷೇಧ. ತೊಗರಿ, ಉದ್ದು, ಹೆಸರಿನ ಮೇಲಿನ ನಿಷೇಧ ತೆಗೆದದ್ದು 2017ರ ಸೆಪ್ಟೆಂಬರ್‌ನಲ್ಲಿ, ನಮ್ಮ ಚೀಲ ಖಾಲಿಯಾದ ಮೇಲೆ! ಆಮದಿಗೆ ಮಾತ್ರ ಬಾಗಿಲು ತೆರೆದಿತ್ತು. 2016ರಲ್ಲಿ ಮೊಜಾಂಬಿಕ್ ಜೊತೆ ಬೇಳೆಕಾಳಿಗೆ ಒಪ್ಪಂದವೂ ಆಗಿತ್ತು.

ಈಗ ಬೀದರ್‌ನಲ್ಲಿ ಡಿಗ್ರಿ ಓದ್ತಾ ನಾವು ಆರು ಮಂದಿ ಭಾನುವಾರ ಮಹಮೂದ್ ಗವಾನ್ ಮದರಸಾ ಹತ್ರ ಕೂಡ್ತೀವಿ. ಗವಾನ್ ಕೂಡ ಮೊದಲು ವ್ಯಾಪಾರಿ. ಇರಾನಿನ ಗೀಲಾನ್‌ನಿಂದ 1453ರಲ್ಲಿ ಬಂದವರು, ಮುಂದೆ ಬಹಮನಿ ಮಂತ್ರಿಯಾಗಿ 1472ರಲ್ಲಿ ಈ ಮದರಸಾ ಕಟ್ಟಿಸಿದರು. ಅವರಿಗೆ ಸಿಕ್ಕ ಬಿರುದು ಮಲಿಕ್-ಉತ್-ತುಜ್ಜಾರ್, ಅಂದ್ರ ವ್ಯಾಪಾರಿಗಳ ದೊರೆ. ನಮ್ಮನ್ನ ಕ್ಲಾಸಿನವರು "ಲಿಬರ್ಟೇರಿಯನ್ ಗ್ಯಾಂಗ್" ಅಂತ ಚಾಷ್ಟಿ ಮಾಡ್ತಾರ. ಮತ್ತೊಬ್ಬರಿಗೆ ತೊಂದರೆ ಇಲ್ಲದ ಕೆಲಸಕ್ಕ ಸರ್ಕಾರದ ಪರವಾನಗಿ ಯಾಕ ಬೇಕು? ನಾವು ಕೇಳೋದು ಇಷ್ಟೇ. ಇದು ಅಮೆರಿಕದಿಂದ ತಂದ ಫ್ಯಾಶನ್ ಅನ್ನೋರಿಗೆ ಮುಂದಿನ ಎರಡು ಕ್ಯಾಪ್ಷನ್.

(2/4)
ನಮ್ಮ ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಸಭೆ ಮಾಡಬೇಕಂದ್ರೂ ಮೊದಲೇ ಅನುಮತಿ ಬೇಕಾಗಿತ್ತು. ಗಡಿ ದಾಟುವ ಸರಕಿಗೆ ಕರೋಡಗಿರಿ ಇಲಾಖೆಯ ಸುಂಕ ಬೇರೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗ ಉರ್ದು ಬೋರ್ಡು ಹಾಕಿ ಒಳಗ ಕನ್ನಡ ಕಲಿಸಿದ್ದು ನಿಮಗೆಲ್ಲಾ ಗೊತ್ತೇ ಅದ, ಪ್ರತಿ ನವೆಂಬರ್‌ನಾಗ ಭಾಷಣದಲ್ಲಿ ಕೇಳ್ತೀವಿ. ಆದ್ರ ಅದನ್ನ ಭಾಷೆಯ ಕಥೆ ಅಂತಷ್ಟೇ ಹೇಳ್ತಾರ. ನನಗೆ ಅದು ಪರವಾನಗಿಯ ಕಥೆನೂ ಹೌದು.

1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ವಂದೇ ಮಾತರಂ ಹಾಡಬಾರದು ಅಂದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅವರನ್ನು ಹೊರಗೆ ಹಾಕಲಾಯಿತು. ನಾಗಪುರ ವಿಶ್ವವಿದ್ಯಾಲಯ ಬಹಳ ಮಂದಿಯನ್ನು ಸೇರಿಸಿಕೊಂಡಿತು. ಆ ಚಳವಳಿಗೆ ಇಳಿದು ಆಮೇಲೆ ನಾಗಪುರದಲ್ಲಿ ಕಾನೂನು ಓದಿದ ನಮ್ಮದೇ ರಾಜ್ಯದ ಒಬ್ಬ ಹುಡುಗ ಪಿ.ವಿ. ನರಸಿಂಹ ರಾವ್. 1991ರ ಜುಲೈ 24ರಂದು, ಪ್ರಧಾನಿಯಾಗಿ ಕೈಗಾರಿಕಾ ಖಾತೆಯನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದ ಅವರ ಸರ್ಕಾರ, 18 ಕೈಗಾರಿಕೆ ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ತೆಗೆದುಹಾಕಿತು. ಅವರು ನಮ್ಮ ಗ್ಯಾಂಗಿನವರು ಅಂದ್ರ ಸುಳ್ಳಾಗ್ತದ. ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ ಭೂಮಿತಿ ತರಲು ಓಡಾಡಿದವರು ಅವರೇ. ಖಜಾನೆ ಖಾಲಿಯಾಗಿತ್ತು, ಬೇರೆ ದಾರಿ ಇರಲಿಲ್ಲ.

(3/4)
ದಾರಿ ಇದ್ದಾಗಲೇ ಹೇಳಿದವರು ಒಬ್ಬರಿದ್ದರು. ಬಿ.ಆರ್. ಶೆಣೈ. ಬಿ ಅಂದ್ರ ಬೆಳ್ಳಿಕೋತ್, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಅವರ ಊರು. ಹುಟ್ಟಿದ್ದು 1905ರಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಗಾಂಧೀಜಿಯ ಚಳವಳಿಗೆ ಇಳಿದು ಜೈಲು ಕಂಡವರು, ಅದೂ ನಾಗಪುರದಲ್ಲಿ! ಆಮೇಲೆ ಬನಾರಸ್‌ನಲ್ಲಿ ಎಂ.ಎ., ಅಲ್ಲಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. 1931ರಲ್ಲಿ ಅಲ್ಲಿಗೆ ಹಯೆಕ್ ಎಂಬ ಯುವ ಆಸ್ಟ್ರಿಯನ್ ಬಂದು ಹಣ ಮತ್ತು ಬೆಲೆಗಳ ಬಗ್ಗೆ ಉಪನ್ಯಾಸ ಕೊಟ್ಟರು. ಕೇಳಲು ಕೂತವರಲ್ಲಿ ಈ ಕರಾವಳಿ ಹುಡುಗನೂ ಒಬ್ಬ.

1955. ಎರಡನೇ ಪಂಚವಾರ್ಷಿಕ ಯೋಜನೆಗೆ ಮಹಲನೋಬಿಸ್ ಕರಡು ಸಿದ್ಧ ಮಾಡಿದ್ದರು. ಅದನ್ನು ನೋಡಲು ದೇಶದ ದೊಡ್ಡ ಅರ್ಥಶಾಸ್ತ್ರಜ್ಞರ ಸಮಿತಿ. ಅಹಮದಾಬಾದ್‌ನ ಗುಜರಾತ್ ವಿಶ್ವವಿದ್ಯಾಲಯದಿಂದ ಶೆಣೈ ಹೋಗಿದ್ದರು. ಎಲ್ಲರೂ ಒಪ್ಪಿದರು. ಶೆಣೈ ಮಾತ್ರ ಪ್ರತ್ಯೇಕವಾಗಿ ಭಿನ್ನಮತದ ಟಿಪ್ಪಣಿ ಬರೆದರು.

ಅದರ ವಾದ ಕಷ್ಟದ್ದೇನಲ್ಲ. ಜನರು ಉಳಿಸಿದಷ್ಟೇ ಹೂಡಲು ಸಾಧ್ಯ. ಅದಕ್ಕಿಂತ ಹೆಚ್ಚಿಗೆ ನೋಟು ಮುದ್ರಿಸಿ ಹೂಡಿದರೆ ಬೆಲೆ ಏರುತ್ತದೆ. ಬೆಲೆ ಏರಿತೆಂದು ನಿಯಂತ್ರಣ ಹಾಕಬೇಕಾಗುತ್ತದೆ, ನಿಯಂತ್ರಣಕ್ಕೆ ಪರ್ಮಿಟ್ಟು, ಕೋಟಾ, ಅವನ್ನು ಹಂಚುವ ಅಧಿಕಾರಿ. ಕೊನೆಗೆ ಯೋಜನೆ 4,800 ಕೋಟಿಗೆ ನಿಂತಿತು, ಅದರಲ್ಲಿ 1,200 ಕೋಟಿ ಕೊರತೆ ಹಣದಿಂದ. 1957ರ ಹೊತ್ತಿಗೆ ವಿದೇಶಿ ವಿನಿಮಯ ಬರಿದಾಯಿತು, 1958ರಲ್ಲಿ ಸಾಲ ಕೊಡುವ ದೇಶಗಳೆಲ್ಲ ಕೂಡಿ ಒಕ್ಕೂಟ ಕಟ್ಟಬೇಕಾಯಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆ ನಿಂತದ್ದೂ ಇದೇ ಯೋಜನೆಯಲ್ಲಿ ಅನ್ನೋದನ್ನ ಮರೀಬಾರದು. ನನಗೆ ಹಿಡಿಸೋದು ಶೆಣೈ ಗೆದ್ದರು ಅನ್ನೋದಲ್ಲ, ಅವರು ಬದುಕಿರೋ ತನಕ ಗೆಲ್ಲಲೇ ಇಲ್ಲ. 1978ರಲ್ಲಿ ತೀರಿಹೋದರು, 1991 ನೋಡಲಿಲ್ಲ. ಅಷ್ಟು ಮಂದಿ ಹಿರಿಯರ ನಡುವೆ ಕೂತು "ನಾನು ಒಪ್ಪಲ್ಲ" ಅಂತ ಬರೆದುಕೊಟ್ಟದ್ದು ಹಿಡಿಸುತ್ತದೆ. ನಮಗ ಸೆಮಿನಾರ್‌ನಾಗ ಒಂದು ಪ್ರಶ್ನೆ ಕೇಳಲಿಕ್ಕೂ ಕಾಲು ನಡಗ್ತಾವ.

(4/4)
ಅದೇ 1955ರಲ್ಲಿ ಇನ್ನೊಂದು ಕಾಗದ ಹುಟ್ಟಿತು: ಅವಶ್ಯಕ ವಸ್ತುಗಳ ಕಾಯ್ದೆ. 1991 ಕಾರ್ಖಾನೆಯ ಲೈಸೆನ್ಸ್ ತೆಗೆಯಿತು, ಇದನ್ನು ಮುಟ್ಟಲಿಲ್ಲ. 2023ರ ಜೂನ್‌ನಲ್ಲಿ ಇದೇ ಕಾಯ್ದೆಯ ಬಲದಿಂದ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಬಂತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಪಟ್ಟಣದವರಿಗೆ ಬೇಳೆ ತುಟ್ಟಿಯಾಗಬಾರದು ಅನ್ನೋದು ಕಾರಣ, ಅದು ಸುಳ್ಳು ಕಾರಣ ಅಲ್ಲ. ಆದ್ರ ಗೋದಾಮು ತುಂಬಿಸಲು ಹೆದರುವ ಅಡತಿಯವ ಗಂಜ್‌ನಾಗ ನಮ್ಮ ಚೀಲಕ್ಕ ಎಷ್ಟು ಕೂಗ್ತಾನ?

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದನ್ನೇ ಹೇಳಿದೆ. ಬಹುಮಾನ ಬರಲಿಲ್ಲ, ಇರಲಿ. ಊರಿಗೆ ಹೋದಾಗ ಅಪ್ಪನಿಗೂ ಹೇಳಿದೆ. ರಫ್ತು ನಿಷೇಧ ಬ್ಯಾಡ, ದಾಸ್ತಾನು ಮಿತಿ ಬ್ಯಾಡ ಅನ್ನೋತನಕ ಅಪ್ಪ ತಲೆ ಆಡಿಸಿದ. ಬೆಂಬಲ ಬೆಲೆನೂ ಸರ್ಕಾರದ ಕೈ ಹಾಕೋದೇ ಅಂದಾಗ ಚಹಾ ಕಪ್ಪು ಕೆಳಗಿಟ್ಟ.

"ಆ ಮೂರು ರಾತ್ರಿ ಟ್ರ್ಯಾಲಿ ಮ್ಯಾಲೆ ಮಲಗಿದ್ದು ಯಾರು? ನೀನಾ, ನಾನಾ?"

"ರಫ್ತಿಗೆ ಬಿಟ್ಟಿದ್ರ ಮಲಗೋದೇ ಬೇಕಾಗ್ತಿರಲಿಲ್ಲ ಅಪ್ಪಾ."

"ಬಿಟ್ಟಿರಲಿಲ್ಲಲ್ಲ. ಮೊದಲು ಬಾಗಿಲಾ ತೆಗೀಲಿ, ಆಮ್ಯಾಲೆ ಬೋನಸ್ ಮಾತು."

ಯಾವುದು ಮೊದಲು ಅನ್ನೋದರ ಮ್ಯಾಲೆ ನಮ್ಮ ಆರು ಮಂದಿಯಲ್ಲೂ ಒಮ್ಮತ ಇಲ್ಲ. ಇಬ್ಬರು ಅಪ್ಪನ ಕಡೆ. ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣದವರು ನಿಮ್ಮ ಮನಿಯಾಗ 2017ರ ತೊಗರಿ ಎಷ್ಟಕ್ಕ ಹೋಯ್ತು ಅಂತ ಕೇಳಿ ಕಾಮೆಂಟ್ ಹಾಕ್ರಿ. ಹಳೇ ಪಟ್ಟಿ ಚೀಟಿ ಇದ್ರ ಹೆಸರು ಮುಚ್ಚಿ ಫೋಟೋ ಕಳಸ್ರಿ.