ಸೀಮಂತಕ್ಕೆ ಮನೆಯಿಂದ ತಿಂಡಿ ಒಯ್ಯುತ್ತೀರಾ? ಎಲ್ಲರೂ ಧೈರ್ಯವಾಗಿ ತಿನ್ನಬಹುದಾದ ಸಸ್ಯಾಹಾರಿ ಖಾದ್ಯ ಆರಿಸುವುದು ಹೀಗೆ

ಪರಂಗಿ ತಿಂದರೆ ಗರ್ಭಪಾತ, ಎಳ್ಳು ಉಷ್ಣ, ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ. ಮನೆಯಲ್ಲಿ ಸೀಮಂತ ಎಂದ ಕೂಡಲೇ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಫಾರ್ವರ್ಡ್‌ಗಳು ಶುರುವಾಗುತ್ತವೆ. ಆದರೆ ಬೆಳಿಗ್ಗೆ 6 ಗಂಟೆಗೆ ಕಲಸಿಟ್ಟ ಚಿತ್ರಾನ್ನವನ್ನು ಮಧ್ಯಾಹ್ನ 1.30ಕ್ಕೆ ಗರ್ಭಿಣಿಗೆ ಬಡಿಸಬಹುದೇ ಎಂದು ಯಾವ ಫಾರ್ವರ್ಡೂ ಕೇಳುವುದಿಲ್ಲ. ಹೆಚ್ಚು ಯೋಚಿಸಬೇಕಾದದ್ದು ಇದರ ಬಗ್ಗೆ.

ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವುದನ್ನು ಈಗ ಪಾಟ್‌ಲಕ್ ಎನ್ನುತ್ತೇವೆ. ಪದ ಹೊಸದು, ಪದ್ಧತಿ ಹಳೆಯದು. ಉತ್ತರ ಕರ್ನಾಟಕದ ಕುಬಸಕ್ಕೆ ನೆಂಟರು ಬುತ್ತಿ ಕಟ್ಟಿಕೊಂಡು ಬರುವುದು, ಮೈಸೂರು ಕಡೆ ಬಸುರಿಗೆ ಬಗೆಬಗೆಯ ಕಲಸಿದನ್ನ ಮಾಡಿ ಬಡಿಸುವುದು ಎಲ್ಲವೂ ಬಯಕೆ ತೀರಿಸುವ ರೂಢಿಗಳೇ. ಮೈಸೂರಿನ ರಾಜೀವನಗರದಂಥ ಬಡಾವಣೆಯಲ್ಲಿ ಈ ಊಟಕ್ಕೆ ಇನ್ನೊಂದು ಆಯಾಮವಿದೆ. ಉದಯಗಿರಿಗೆ ಹೊಂದಿಕೊಂಡಿರುವ ಇಲ್ಲಿ ಮುಸ್ಲಿಂ ಕುಟುಂಬಗಳು ಹೆಚ್ಚು. ಒಂದು ಮನೆಯಲ್ಲಿ ಸೀಮಂತ, ಇನ್ನೊಂದು ಮನೆಯಲ್ಲಿ ಗೋದ್ ಭರಾಯಿ. ಒಬ್ಬರ ಮನೆಗೆ ಇನ್ನೊಬ್ಬರು ಡಬ್ಬಿ ಹಿಡಿದು ಹೋದಾಗ ಆ ಡಬ್ಬಿಯಲ್ಲಿ ಏನಿರಬೇಕು ಎಂಬುದು ನಂಬಿಕೆಯ ಪ್ರಶ್ನೆಯೂ ಹೌದು.

ಸಂಕ್ಷಿಪ್ತವಾಗಿ

• ಮೊಟ್ಟೆ, ಜೆಲಟಿನ್, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಖಾದ್ಯವನ್ನು ಹೆಚ್ಚಿನವರು ತಿನ್ನಬಹುದು.
• ಸಸ್ಯಾಹಾರ ಎಂದ ಮಾತ್ರಕ್ಕೆ ಗರ್ಭಿಣಿಗೆ ಸುರಕ್ಷಿತ ಎಂದಲ್ಲ. ಮಾಡಿ ಎಷ್ಟು ಹೊತ್ತಾಯಿತು ಎಂಬುದು ಮುಖ್ಯ.
• ಒಣ ಉಂಡೆ, ಪುಳಿಯೋಗರೆ ಗೊಜ್ಜು, ಸುಲಿಯದ ಹಣ್ಣು ಒಳ್ಳೆಯ ಆಯ್ಕೆಗಳು.

‘ವೆಜ್’ ಅಂದರೆ ಯಾರ ಲೆಕ್ಕದಲ್ಲಿ?

ನಮ್ಮಲ್ಲಿ ಸಸ್ಯಾಹಾರ ಒಂದೇ ಬಗೆಯದಲ್ಲ. ಲಿಂಗಾಯತರ ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸಾಮಾನ್ಯ. ಹಲವು ಬ್ರಾಹ್ಮಣ ಕುಟುಂಬಗಳು ಶುಭಕಾರ್ಯದ ದಿನ ಅವೆರಡನ್ನೂ ಬಳಸುವುದಿಲ್ಲ. ಜೈನರಲ್ಲಿ ಅನೇಕರು ಆಲೂಗಡ್ಡೆ, ಕ್ಯಾರೆಟ್‌ನಂಥ ಗೆಡ್ಡೆಗಳನ್ನೂ ಜೇನುತುಪ್ಪವನ್ನೂ ಮುಟ್ಟುವುದಿಲ್ಲ. ಮಾಂಸ ತಿನ್ನುವವರಲ್ಲೂ ಸೋಮವಾರ, ಶನಿವಾರ ಅಥವಾ ಶ್ರಾವಣದಲ್ಲಿ ಬಿಡುವವರಿದ್ದಾರೆ. ಮುಸ್ಲಿಮರಿಗೆ ತರಕಾರಿ, ಬೇಳೆ, ಅಕ್ಕಿಯ ಅಡುಗೆಯಿಂದ ತೊಂದರೆಯಿಲ್ಲ. ಆದರೆ ಯಾವ ಪ್ರಾಣಿಯದೆಂದು ಗೊತ್ತಿಲ್ಲದ ಜೆಲಟಿನ್ ಬೇಡ.

ಅಂದರೆ ಸಸ್ಯಾಹಾರಿ ಅತಿಥಿಗೂ ಮುಸ್ಲಿಂ ಅತಿಥಿಗೂ ಒಂದೇ ಪದಾರ್ಥ ಅಡ್ಡಿಯಾಗಬಹುದು. ಜೆಲಟಿನ್ ತಯಾರಾಗುವುದು ದನ, ಹಂದಿಯಂಥ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ. ಕೆಲವು ಜೆಲ್ಲಿ, ಮಾರ್ಶ್‌ಮ್ಯಾಲೋ, ಪುಡ್ಡಿಂಗ್ ಪುಡಿಗಳಲ್ಲಿ ಇದಿರುತ್ತದೆ. ಇದಕ್ಕೆ ಪರಿಹಾರ ರಂಜಾನ್ ತಿಂಗಳಲ್ಲಿ ಪುಡ್ಡಿಂಗ್ ಮಾಡುವ ಮನೆಗಳಿಗೆ ಗೊತ್ತೇ ಇದೆ: ಚೈನಾ ಗ್ರಾಸ್. ಅದು ಸಮುದ್ರದ ಪಾಚಿಯಿಂದ ತೆಗೆದದ್ದು, ಇಬ್ಬರಿಗೂ ಸಲ್ಲುತ್ತದೆ.

ಹಸಿರು ಚುಕ್ಕಿ ಏನು ಹೇಳುತ್ತದೆ?

ಅಂಗಡಿಯಿಂದ ಪ್ಯಾಕೆಟ್ ತರುವುದಾದರೆ ಗುರುತು ನೋಡಿ. ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಸಸ್ಯಾಹಾರಿ. ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರಿ. ಮೊದಲು ಮಾಂಸಾಹಾರಕ್ಕೂ ವೃತ್ತವೇ ಇತ್ತು. ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮದಲ್ಲಿ ಅದನ್ನು ತ್ರಿಕೋನ ಮಾಡಿತು, ಇದರಿಂದ ಬಣ್ಣ ಗುರುತಿಸಲು ಕಷ್ಟವಾಗುವವರಿಗೂ ವ್ಯತ್ಯಾಸ ತಿಳಿಯುತ್ತದೆ.

ಈ ನಿಯಮದಲ್ಲಿ ಮೊಟ್ಟೆ ಮಾಂಸಾಹಾರ. ಹಾಲು, ಹಾಲಿನ ಉತ್ಪನ್ನ ಮತ್ತು ಜೇನುತುಪ್ಪ ಸಸ್ಯಾಹಾರ. ಹಸಿರು ಚುಕ್ಕಿ ಇದ್ದರೆ ಅದರಲ್ಲಿ ಜೆಲಟಿನ್ ಇರುವಂತಿಲ್ಲ. ಆದರೆ ಈರುಳ್ಳಿ ಇದೆಯೇ, ಕಡಲೆಕಾಯಿ ಇದೆಯೇ, ಸಕ್ಕರೆ ಎಷ್ಟಿದೆ ಎಂಬುದನ್ನು ಚುಕ್ಕಿ ಹೇಳುವುದಿಲ್ಲ. ಅದಕ್ಕೆ ಪದಾರ್ಥಗಳ ಪಟ್ಟಿ ಓದಬೇಕು. ಬೇಕರಿಯ ಬಿಡಿ ಕೇಕ್ ಮೇಲೆ ಗುರುತು ಇಲ್ಲದಿದ್ದರೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಯೇ ಕೊಳ್ಳಿ.

ನಿಜವಾದ ಅಪಾಯ: ಕಾದು ಕುಳಿತ ಅನ್ನ

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯದೆ ಉಳಿಯುತ್ತವೆ. ಅನ್ನ ಉಗುರುಬೆಚ್ಚಗೆ ಕುಳಿತಾಗ ಮೊಳೆತು, ಹೆಚ್ಚಾಗಿ, ವಾಂತಿ ತರುವ ವಿಷ ಬಿಡುತ್ತವೆ. ಒಮ್ಮೆ ಆ ವಿಷ ಸೇರಿಕೊಂಡರೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ‘ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತು ಅನ್ನದ ಮಟ್ಟಿಗೆ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳ. ಬೇಯಿಸಿದ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ. ನಡುವಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೆಳಿಗ್ಗೆ 6ರಿಂದ 1.30ರವರೆಗೆ ಏಳೂವರೆ ಗಂಟೆ. ಮುಹೂರ್ತ, ಆರತಿ, ಫೋಟೊ ಎಲ್ಲ ಮುಗಿದು ಎಲೆ ಹಾಕುವ ಹೊತ್ತಿಗೆ ಡಬ್ಬಿಯೊಳಗಿನ ಚಿತ್ರಾನ್ನ ಆ ನಡುವಿನಲ್ಲೇ ಕುಳಿತಿರುತ್ತದೆ.

ಇನ್ನೊಂದು ಬ್ಯಾಕ್ಟೀರಿಯಾ ಲಿಸ್ಟೀರಿಯಾ. ಇದರಿಂದ ಕಾಯಿಲೆ ಬರುವುದು ಅಪರೂಪ. ಆದರೆ ಆರೋಗ್ಯವಂತ ವಯಸ್ಕರಿಗಿಂತ ಗರ್ಭಿಣಿಯರಿಗೆ ಅದು ಬರುವ ಸಾಧ್ಯತೆ ಸುಮಾರು 20 ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿಗೆ ಸಣ್ಣ ಜ್ವರದಂತೆ ಕಂಡರೂ ಗರ್ಭಪಾತ ಅಥವಾ ಹೊಟ್ಟೆಯಲ್ಲೇ ಮಗು ಸಾಯುವ ಅಪಾಯವಿದೆ. ಕಾಯಿಸದ ಹಸಿ ಹಾಲು ಮತ್ತು ಅದರಿಂದ ಮಾಡಿದ ಪದಾರ್ಥಗಳು ಇದರ ಒಂದು ಮೂಲ. ಫ್ರಿಜ್ಜಿನ ತಂಪಿನಲ್ಲೂ ಇದು ಬೆಳೆಯಬಲ್ಲದು, ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಹಾಗಾಗಿ ಹಾಲು ಕಾಯಿಸಿಯೇ ಬಳಸಿ.

ಫಾರ್ವರ್ಡ್‌ಗಳ ಪರೀಕ್ಷೆ

*ಪರಂಗಿ ತಿಂದರೆ ಗರ್ಭಪಾತ: ಅರ್ಧಸತ್ಯ.* ಹಸಿ ಪರಂಗಿಕಾಯಿಯ ಹಾಲಿನಂಥ ಸೊನೆ ಗರ್ಭಕೋಶದ ಸ್ನಾಯುವನ್ನು ಸಂಕುಚಿಸಬಲ್ಲದು ಎಂದು 2002ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನ ತೋರಿಸಿತು. ಅದೇ ಅಧ್ಯಯನದಲ್ಲಿ ಮಾಗಿದ ಹಣ್ಣಿನಿಂದ ತೊಂದರೆ ಕಾಣಲಿಲ್ಲ. ಗರ್ಭಿಣಿಗೆ ಕಾಯಿ ಬೇಡ, ಪೂರ್ತಿ ಮಾಗಿದ ಹಣ್ಣಿಗೆ ಹೆದರಬೇಕಿಲ್ಲ. ಆದರೂ ಆಕೆಗೆ ಭಯವಿದ್ದರೆ ಬೇರೆ ಹಣ್ಣು ಒಯ್ಯಿರಿ. ಸೀಮಂತದ ಮನೆ ವಾದ ಗೆಲ್ಲುವ ಜಾಗವಲ್ಲ.

*ಎಳ್ಳುಂಡೆ ಕೂಡದು: ಆಧಾರವಿಲ್ಲ.* ತಿಂಡಿಯ ಪ್ರಮಾಣದಲ್ಲಿ ಎಳ್ಳು ತಿಂದರೆ ಗರ್ಭಪಾತವಾಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಎಳ್ಳಿನ ಅಲರ್ಜಿ ಇರುವವರು ಮಾತ್ರ ತಿನ್ನಬಾರದು.

*ಕೇಸರಿ ಹಾಲಿನಿಂದ ಮಗು ಬೆಳ್ಳಗೆ: ತಪ್ಪು.* ಚರ್ಮದ ಬಣ್ಣ ತೀರ್ಮಾನವಾಗುವುದು ತಂದೆ ತಾಯಿಯಿಂದ ಬಂದ ಜೀನ್‌ಗಳಿಂದ. ಪರಿಮಳಕ್ಕೆ ಒಂದೆರಡು ಎಸಳು ಹಾಕಿ, ಬಣ್ಣದ ಆಸೆಗಲ್ಲ.

*ಇಬ್ಬರಿಗಾಗಿ ತಿನ್ನಬೇಕು: ತಪ್ಪು.* ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ನಾಲ್ಕನೇ ತಿಂಗಳಿನಿಂದ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕಿಲೊಕ್ಯಾಲರಿ. ಅದು ಒಂದು ಸಾಧಾರಣ ತಟ್ಟೆ ಅನ್ನ, ಸಾಂಬಾರಿನಷ್ಟು. ಗರ್ಭಿಣಿಗೆ ಸಕ್ಕರೆ ಕಾಯಿಲೆ ಕಾಣಿಸಿದ್ದರೆ ಐದು ಮನೆಯವರು ಐದು ಸಿಹಿ ತಂದು ಬಾಯಿಗಿಡುವುದು ಪ್ರೀತಿಯಾದರೂ ತೊಂದರೆಯೇ.

ಹಾಗಾದರೆ ಏನು ಒಯ್ಯಬೇಕು?

*ಪುಳಿಯೋಗರೆ.* ಹುಣಸೆಯ ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ. ಹಿಂದಿನವರು ಪ್ರಯಾಣಕ್ಕೆ ಇದನ್ನೇ ಕಟ್ಟುತ್ತಿದ್ದುದರಲ್ಲಿ ಅರ್ಥವಿದೆ. ಆದರೆ ಹುಳಿ ಕಡಿಮೆಯಾದರೆ ಆ ರಕ್ಷಣೆಯೂ ಕಡಿಮೆ. ಗೊಜ್ಜು ಮಾತ್ರ ಒಯ್ದು, ಊಟಕ್ಕೆ ಮುಂಚೆ ಅಲ್ಲಿಯ ಬಿಸಿ ಅನ್ನಕ್ಕೆ ಕಲಸುವುದು ಎಲ್ಲಕ್ಕಿಂತ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿಯ ಪ್ರಶ್ನೆಯೂ ಬರುವುದಿಲ್ಲ.

*ರಾಗಿ ಹುರಿಹಿಟ್ಟಿನ ಉಂಡೆ.* ನೀರಿನಂಶ ಇಲ್ಲದ್ದರಿಂದ ಬೇಗ ಕೆಡುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಲ್ಲ ಹಿತಮಿತವಾಗಿರಲಿ, ಉಂಡೆ ಚಿಕ್ಕದಾಗಿರಲಿ.

*ಕೋಸಂಬರಿ.* ಹೆಸರುಬೇಳೆಯನ್ನು ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ, ಬಡಿಸುವ ಮುಂಚೆ ಅಲ್ಲಿಯೇ ಕಲಸಿ. ಕೊತ್ತಂಬರಿ, ಸೌತೆಕಾಯಿ ಹರಿಯುವ ನೀರಿನಲ್ಲಿ ತೊಳೆಯಿರಿ. ಮೊಳಕೆ ಕಾಳು ಹಾಕುವುದಾದರೆ ಗರ್ಭಿಣಿಗಾಗಿ ಬೇಯಿಸಿಯೇ ಹಾಕಿ. ಹಸಿ ಮೊಳಕೆಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಮೇಲೆ ಹಿಂಡುವ ನಿಂಬೆಯ ಸಿ ಜೀವಸತ್ವದಿಂದ ಬೇಳೆಯ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ 52.2% ಮಂದಿಗೆ ರಕ್ತಹೀನತೆ ಇದೆ, ಆದ್ದರಿಂದ ಇದು ಸಣ್ಣ ಮಾತಲ್ಲ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ.

*ಬಾಳೆಹಣ್ಣು.* ಅಡುಗೆಗೆ ಸಮಯವೇ ಇಲ್ಲವೇ? ನಂಜನಗೂಡು ರಸಬಾಳೆ ಸಿಕ್ಕರೆ ಒಂದು ಚಿಪ್ಪು ಒಯ್ಯಿರಿ, ಸಿಗದಿದ್ದರೆ ಏಲಕ್ಕಿ ಬಾಳೆ. ಸಿಪ್ಪೆ ಸುಲಿಯುವವರೆಗೆ ಒಳಗೆ ಶುದ್ಧ, ಯಾವ ಮನೆಯವರೂ ಬೇಡ ಎನ್ನುವುದಿಲ್ಲ.

ದೂರದಿಂದ ಬರುವವರು ಒಯ್ಯದಿದ್ದರೆ ಒಳ್ಳೆಯದು: ಮೊದಲೇ ಹೆಚ್ಚಿದ ಹಣ್ಣು, ಖೋವಾ ಸಿಹಿ, ಪನೀರ್ ಖಾದ್ಯ, ಪಾನಿಪೂರಿಯ ಪಾನಿ. ಮೊಸರನ್ನ ಬೇಕೆಂದರೆ ಮೊಸರನ್ನು ತಣ್ಣಗೆ ಬೇರೆಯಾಗಿ ಒಯ್ಯಿರಿ. ಹಾಟ್‌ಬಾಕ್ಸ್ ಬಳಸುವವರು ಮೊದಲು ಅದಕ್ಕೆ ಕುದಿನೀರು ಹಾಕಿ, ಚೆಲ್ಲಿ, ಆಮೇಲೆ ಬಿಸಿ ಬಿಸಿ ಖಾದ್ಯ ತುಂಬಿ. ಮುಚ್ಚಳ ತೆಗೆದಾಗ ಹಬೆ ಏಳದಿದ್ದರೆ ಅದು ಇನ್ನು ಬಿಸಿ ಡಬ್ಬಿಯಲ್ಲ.

ಒಂದು ಮೆಸೇಜ್ ಸಾಕು

ಕೇಳಲು ಸಂಕೋಚ, ಹೇಳಲು ಸಂಕೋಚ. ಬಹಳ ತಟ್ಟೆಗಳಲ್ಲಿ ಅಡುಗೆ ಹಾಗೇ ಉಳಿಯುವುದು ಇದರಿಂದಲೇ. ಹಿಂದಿನ ದಿನ ಹೀಗೆ ಕಳಿಸಿ:

‘ಆಪಾ, ನಾನು ನಾಳೆ ಪುಳಿಯೋಗರೆ ಗೊಜ್ಜು ತರ್ತೀನಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ. ಕಡಲೆಕಾಯಿ ಇದೆ. ಅನ್ನ ಅಲ್ಲೇ ಬಿಸಿಯಾಗಿ ಮಾಡಿಕೊಳ್ಳೋಣ. ಅವರಿಗೆ ಡಾಕ್ಟರ್ ಏನಾದ್ರೂ ಬೇಡ ಅಂದಿದಾರಾ?’

ಡಬ್ಬಿಯ ಮೇಲೊಂದು ಚೀಟಿ ಅಂಟಿಸಿ: ಖಾದ್ಯದ ಹೆಸರು, ಮಾಡಿದ ಸಮಯ, ಮೊಟ್ಟೆ, ಈರುಳ್ಳಿ, ಕಡಲೆಕಾಯಿ ಇದೆಯೋ ಇಲ್ಲವೋ. ಮಾಂಸ ಕರಿದ ಎಣ್ಣೆಯಲ್ಲೇ ಬೋಂಡ ಕರಿದಿದ್ದರೆ ಅದನ್ನೂ ಬರೆಯಿರಿ. ಬಡಿಸುವಾಗ ಒಂದೊಂದು ಪಾತ್ರೆಗೆ ಒಂದೊಂದು ಸೌಟು ಇರಲಿ. ಇಷ್ಟು ಮಾಡಿದರೆ ಯಾರೂ ಯಾರ ಅಡುಗೆಮನೆಯನ್ನೂ ಅನುಮಾನಿಸಬೇಕಿಲ್ಲ.

ಊಟದ ನಂತರ ತೊಂದರೆ ಕಂಡರೆ

ಗರ್ಭಿಣಿಗೆ ಜ್ವರ, ನಿಲ್ಲದ ವಾಂತಿ ಭೇದಿ, ಹೊಟ್ಟೆನೋವು ಬಂದರೆ ಅಥವಾ ಮಗುವಿನ ಚಲನೆ ಕಡಿಮೆಯಾದಂತೆ ಅನಿಸಿದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಫೋನ್ ಮಾಡಿ. ಮೈಸೂರಿನಲ್ಲಿ ಹೆರಿಗೆಗೆ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇದೆ, ಆಂಬುಲೆನ್ಸ್‌ಗೆ 108. ಲಿಸ್ಟೀರಿಯಾದ ಲಕ್ಷಣ ಒಂದೆರಡು ವಾರ ಬಿಟ್ಟೂ ಕಾಣಿಸಬಹುದು. ಹಾಗಾಗಿ ಜ್ವರ ಬಂದಾಗ ಏನು ತಿಂದಿರಿ ಎಂದು ವೈದ್ಯರಿಗೆ ತಿಳಿಸಿ.

ಮುಂದಿನ ಸೀಮಂತದ ಗ್ರೂಪ್‌ನಲ್ಲಿ ಪರಂಗಿ ಹಣ್ಣಿನ ಫಾರ್ವರ್ಡ್ ಬಂದರೆ, ಅದರ ಕೆಳಗೆ ಈ ಪ್ರಶ್ನೆ ಹಾಕಿ: ಅನ್ನ ಎಷ್ಟು ಗಂಟೆಗೆ ಮಾಡಿದ್ದು?